ನೀಲಿ ಹೊತ್ತಿನ ಹೊಂಗೆಗಳು

ಕರಿಬಂಡಿಯ ಮರಗಳು ದೀಪದ ಮಾತು ಕೇಳುವುದನ್ನು ಬಿಟ್ಟದ್ದು ಮೊದಲು ಗೊತ್ತಾದದ್ದು ಮಹಾನಂದಾಳಿಗೆ. ಗೊತ್ತಾದದ್ದು ಅವಳ ಪ್ರಯೋಗಾಲಯದಲ್ಲಲ್ಲ, ಗಂಡನ ಖಾನಾವಳಿಯಲ್ಲಿ ಊಟಕ್ಕೆ ಕೂತಾಗ.

ಚನ್ನವೀರನ ಖಾನಾವಳಿಗೆ ಗೋಡೆಗಳಿರಲಿಲ್ಲ. ದವಾಖಾನಿ ಓಣಿಯ ದೊಡ್ಡ ಹೊಂಗೆಮರದ ಕೆಳಗೆ ಚಪ್ಪಡಿಯಂಥ ಪರಸಿಕಲ್ಲಿನ ಕಟ್ಟೆ, ನಾಲ್ಕಾರು ಬೆಂಚು, ಹಿಂದೆ ಒಂದು ಒಲೆಮನೆ, ಅಷ್ಟೇ. ಮಧ್ಯಾಹ್ನ ಕೊಂಬೆಗಳ ನಡುವಿನ ನೀಲಿ ದೀಪಗಳು ಎಂದಿನಂತೆ ಹೊತ್ತಿಕೊಂಡವು. ಎಲೆಗಳ ಅಡಿಭಾಗವೆಲ್ಲ ನೀರೊಳಗಿನಿಂದ ನೋಡಿದ ಹಾಗೆ ಕಂಡಿತು. ಇನ್ನು ಸ್ವಲ್ಪ ಹೊತ್ತಿಗೆ ಮೇಲಿಂದ ತಂಪು ಇಳಿಯಬೇಕು. ಒದ್ದೆ ಬಟ್ಟೆ ಹಿಂಡಿ ಯಾರೋ ಕತ್ತಿನ ಮೇಲೆ ಹಾಸಿದಂತೆ ಇಳಿಯುವ ಆ ತಂಪಿಗಾಗಿ ಮಹಾನಂದಾ ತುತ್ತು ಕೈಯಲ್ಲೇ ಹಿಡಿದು ಕಾದಳು. ತಂಪು ಬರಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿಯ ಅಂಚು ಒಣಗಿ ಮೇಲಕ್ಕೆ ಮಡಚಿಕೊಂಡಿತು.

"ಇವತ್ತ ಗಾಳಿ ಯಾಕೋ ಒಣಾ ಒಣಾ ಅದ" ಎಂದ ಬಾಳಪ್ಪಜ್ಜ, ಪಕ್ಕದ ಬೆಂಚಿನಿಂದ. ದಿನವೂ ಬಂದು ಒಂದು ಲೋಟ ಮಜ್ಜಿಗೆ ಕುಡಿದು ಅಲ್ಲೇ ಕಣ್ಣು ಮುಚ್ಚುವ ಮುದುಕ ಅವನು.

ಮಹಾನಂದಾ ಎದ್ದು ಒಂದು ಎಲೆ ಕಿತ್ತು ಕೆನ್ನೆಗೆ ಹಿಡಿದುಕೊಂಡಳು. ಎಲೆ ಬೆಚ್ಚಗಿತ್ತು. ಬೆವರು ನಿಂತ ಮೈಯ ಹಾಗೆ.

ಪ್ರತಿ ಎಲೆಯ ಅಡಿಯಲ್ಲೂ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಒಂದೊಂದಕ್ಕೂ ಎರಡು ತುಟಿ. ತುಟಿಗಳಲ್ಲಿ ನೀರು ತುಂಬಿದರೆ ಅವು ಬಾಗಿ ಬಾಯಿ ತೆರೆಯುತ್ತವೆ, ನೀರಿಳಿದರೆ ಸಡಿಲಾಗಿ ಮುಚ್ಚುತ್ತವೆ. ಪುಸ್ತಕದಲ್ಲಿ ಅವಕ್ಕೆ ಪತ್ರರಂಧ್ರವೆಂದು ಹೆಸರು. ಕರಿಬಂಡಿಯ ಮಂದಿ ಎಲೆಬಾಯಿ ಎನ್ನುತ್ತಿದ್ದರು. ತೆರೆದ ಬಾಯಿಂದ ಮರ ಗಾಳಿ ಎಳೆದುಕೊಂಡು ತನ್ನ ಅಡುಗೆ ಮಾಡಿಕೊಳ್ಳುತ್ತದೆ, ಅದೇ ಬಾಯಿಂದ ನೀರಿನ ಆವಿಯನ್ನೂ ಬಿಟ್ಟುಕೊಡುತ್ತದೆ. ಆ ಆವಿಯೇ ಮರದಡಿಯ ತಂಪು. ಆದರೆ ನೀರಿನ ಕೊರತೆಯ ನೆಲದಲ್ಲಿ ಬಿಸಿಲು ಏರಿದಾಗ ಮರ ನೀರು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಳ್ಳುತ್ತದೆ. ಮನುಷ್ಯನಿಗೆ ತಂಪು ಬೇಕಾದ ಹೊತ್ತಿಗೇ ಮರ ಕದ ಹಾಕಿಕೊಳ್ಳುತ್ತದೆ.

ನಡುಮಧ್ಯಾಹ್ನದಲ್ಲಿ ಮರಕ್ಕೆ ಈಗ ಮುಂಜಾನೆ ಎಂದು ಹೇಳಿ ನಂಬಿಸಿದರೆ ಹೇಗೆ? ಬಿಸಿಲಿಗೆ ಹೆದರಿ ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದಿದ್ದ ಕಾಲದಲ್ಲಿ ಡಾಕ್ಟರ್ ಖಮರುದ್ದೀನ್ ಕೇಳಿಕೊಂಡ ಪ್ರಶ್ನೆ ಅದು. ಬೆಳಗಿನ ಬೆಳಕಿನಲ್ಲಿರುವ ನೀಲಿಯೇ ಎಲೆಬಾಯಿಗೆ ತೆರೆ ಎಂದು ಹೇಳುವುದು. ಆ ನೀಲಿಗೆ ಬಿಸಿಲಲ್ಲೂ ಓಗೊಡುವ ಹೊಂಗೆಯ ತಳಿಯನ್ನು ಅವರು ವರ್ಷಗಟ್ಟಲೆ ಕೂತು ಬೆಳೆಸಿದರು. ಓಣಿ ಓಣಿಗೂ ನೆಟ್ಟರು, ಕೊಂಬೆಗಳಲ್ಲಿ ಸೋಲಾರ್ ದೀಪ ಕಟ್ಟಿದರು, ಬೇರಿಗೆ ಕಾಲುವೆಯ ನೀರು ಕೊಟ್ಟರು. ಬೀಗ ಬಿದ್ದಿದ್ದ ಮನೆಗಳು ಒಂದೊಂದಾಗಿ ತೆರೆದವು.

ಆಮೇಲೆ ಊರೇ ಮಧ್ಯಾಹ್ನದ ಊರಾಯಿತು. ದೀಪ ಉರಿಯುವ ನೀಲಿ ಹೊತ್ತಿಗೆ ಸಾಲೆ ನಡೆಯುತ್ತಿತ್ತು, ಸಂತೆ ಕೂಡುತ್ತಿತ್ತು, ಮದುವೆಯ ಅಕ್ಕಿಕಾಳು ಬೀಳುತ್ತಿತ್ತು. ಹೊಸ ಮನೆಗಳಿಗೆಲ್ಲ ಮರದ ಕಡೆಗೆ ದೊಡ್ಡ ದೊಡ್ಡ ಕಿಟಕಿ. ನೀಲಿ ಹೊತ್ತಿನಲ್ಲಿ ಮಲಗಿದವರಿಗೆ ನೀರಿನ ಕನಸೇ ಬೀಳುತ್ತದೆ ಎಂದು ಊರಲ್ಲಿ ಮಾತಿತ್ತು. ಮಹಾನಂದಾಳಿಗೂ ಬೀಳುತ್ತಿತ್ತು. ಕನಸಿನಲ್ಲಿ ಅವಳು ಎಲೆಯೊಂದರ ಒಳಗೆ ನಡೆಯುತ್ತಿದ್ದಳು. ಹಸಿರು ಪಡಸಾಲೆ, ನೆಲದಲ್ಲಿ ಸಾಲಾಗಿ ಬೆಳಕಿನ ಬಾವಿಗಳು, ಬಾವಿಯ ಬಾಯಿಗಳು ನಿಧಾನ ಅಗಲವಾಗುತ್ತ ಕಿರಿದಾಗುತ್ತ ಇರುತ್ತಿದ್ದವು. ಎಚ್ಚರವಾದಾಗ ತನ್ನ ಉಸಿರೂ ಅದೇ ಲಯದಲ್ಲಿ ಆಡುತ್ತಿದೆ ಅನಿಸುತ್ತಿತ್ತು.

ಖಮರುದ್ದೀನ್ ಕಟ್ಟಿದ, ಮಹಾನಂದಾ ಕೆಲಸ ಮಾಡುತ್ತಿದ್ದ ನೆರಳು ಕೇಂದ್ರದ ಗೋಡೆಯ ಮೇಲೆ ಇಡೀ ಊರಿನ ನಕ್ಷೆ ಇತ್ತು. ಎಲೆಬಾಯಿ ತೆರೆದ ಓಣಿಗಳು ಅದರಲ್ಲಿ ನೀಲಿಯಾಗಿ ಕಾಣಬೇಕು. ಅವತ್ತು ಮಹಾನಂದಾ ಒಳಗೆ ಕಾಲಿಟ್ಟಾಗ ನಕ್ಷೆ ಅಲ್ಲಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಖಮರುದ್ದೀನ್ ಕೈ ಹಿಂದೆ ಕಟ್ಟಿಕೊಂಡು ಅದರ ಮುಂದೆ ನಿಂತಿದ್ದರು.

"ದೀಪದ ಬೆಳಕು ಸಾಲವಲ್ದು ಅನಿಸ್ತದ. ಹೆಚ್ಚು ಮಾಡಿ ನೋಡೋಣ" ಎಂದರು.

ಹೆಚ್ಚು ಮಾಡಿದರು. ಮರದಡಿ ಕೂತ ಮಂದಿ ಕಣ್ಣು ಕಿರಿದು ಮಾಡಿಕೊಂಡರು. ಎಲೆಗಳು ಅಲ್ಲಾಡಲಿಲ್ಲ.

ಮಹಾನಂದಾ ತನ್ನ ಕೆಲಸಕ್ಕೆ ಕೂತಳು. ಎಲೆಯ ಅಡಿಗೆ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಪೊರೆಯಂತೆ ಬಿಡಿಸಿ ತೆಗೆದರೆ ಎಲೆಬಾಯಿಗಳ ಅಚ್ಚು ಅದರಲ್ಲಿ ಮೂಡಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಮೊದಲು ಹಳೆಯ ಎಲೆಯ ಅಚ್ಚನ್ನಿಟ್ಟಳು. ಒತ್ತೊತ್ತಾಗಿ ಬಾಯಿಗಳು, ಎಲ್ಲವೂ ಬಿಗಿಯಾಗಿ ಮುಚ್ಚಿದ್ದವು. ಆಮೇಲೆ ಈ ವರ್ಷ ಚಿಗುರಿದ ಎಲೆಯದು. ಅದನ್ನು ನೋಡಿ ಅವಳು ಕನ್ನಡಿ ತಿರುಗಿಸಿ, ಮಸೂರ ಒರೆಸಿ ಮತ್ತೆ ನೋಡಿದಳು. ಬಾಯಿಗಳು ಅರ್ಧಕ್ಕೂ ಕಡಿಮೆಯಾಗಿದ್ದವು. ಇದ್ದವೂ ಚಿಕ್ಕವಾಗಿ, ಸಣ್ಣ ಗುಂಡಿಗಳ ಆಳದಲ್ಲಿ, ಸುತ್ತ ರೋಮ ಬೆಳೆಸಿಕೊಂಡು, ಬಿಸಿಲಿಗೆ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದವರ ಹಾಗೆ ಕೂತಿದ್ದವು.

ಎರಡು ವರ್ಷದಿಂದ ಕಾಲುವೆಗೆ ನೀರು ಸರಿಯಾಗಿ ಬಂದಿರಲಿಲ್ಲ. ಒಣ ನೆಲದ ಸುದ್ದಿ ಬೇರಿನಿಂದ ಎಲೆಗೆ ಹೋಗಿತ್ತು. ಬಲಿತ ಎಲೆಗಳು ಅದನ್ನು ಇನ್ನೂ ಮೊಗ್ಗಿನಲ್ಲಿದ್ದ ಎಲೆಗಳಿಗೆ ಮುಟ್ಟಿಸಿದ್ದವು. ಹುಟ್ಟುವ ಮೊದಲೇ ಹೊಸ ಎಲೆಗೆ ತಾನು ಯಾವ ಊರಿಗೆ ಬರುತ್ತಿದ್ದೇನೆಂದು ತಿಳಿದುಹೋಗಿತ್ತು.

"ದೀಪ ಸರಿಯಾಗೇ ಅದ ಸರ್" ಎಂದಳು. "ಮರಾನೇ ಬ್ಯಾರೆ ಆಗ್ಯಾವ."

ಖಮರುದ್ದೀನ್ ಬಹಳ ಹೊತ್ತು ಮಸೂರಕ್ಕೆ ಕಣ್ಣಿಟ್ಟರು.

ಮನೆಯಲ್ಲಿ ನಾದಿನಿ ಇಂದುಮತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡನ ಮನೆ ಕೃಷ್ಣಾ ಹೊಳೆಯ ದಂಡೆಯ ಊರು. ಹೊಳೆಗಾಳಿಗೆ ಹೊಂದಿಕೊಂಡವಳಿಗೆ ಇಲ್ಲಿಯ ಸೆಕೆ ಆಗುತ್ತಿರಲಿಲ್ಲ. ಹಗಲೆಲ್ಲ ಪರಸಿ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಿದ್ದಳು.

"ವೈನಿ, ಮರಕ್ಕ ಏನೋ ಆಗ್ಯಾದ ಅಂತೀರಲ್ಲ" ಎಂದಳು ಒಂದು ಸಂಜೆ. "ಮುಂಜಾನಿ ಹೋಗಿ ಕುಂತು ನೋಡ್ರಿ. ನಾ ದಿನಾ ಹೋಗ್ತೀನಿ. ಆವಾಗ ಅಲ್ಲಿ ಎಷ್ಟು ತಂಪು ಇರ್ತದ."

ಮರುದಿನ ಇಬ್ಬರೂ ಖಾನಾವಳಿಯ ಮರದಡಿಗೆ ಹೋದರು. ಮೂಡಣ ಇನ್ನೂ ಬಿಳುಪಾಗುತ್ತಿತ್ತು. ಇಂದುಮತಿ ಹೊಟ್ಟೆಯ ಮೇಲೆ ಕೈಯಿಟ್ಟು ಕಟ್ಟೆಯ ಮೇಲೆ ಕಾಲು ಚಾಚಿದಳು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಂದು ತಂಪು ಮೇಲಿಂದ ಇಳಿಯತೊಡಗಿತು, ದೀಪದ ಹೊತ್ತಿನದಕ್ಕಿಂತ ಹಗುರಾಗಿ, ಅವಸರವಿಲ್ಲದೆ. ಕಟ್ಟೆಯ ಕಲ್ಲಿನ ಬಿಸಿ ಹೋಯಿತು. ಮಹಾನಂದಾ ಅಲ್ಲೇ ಎಲೆಗೆ ಬಣ್ಣ ಹಚ್ಚಿ ಅಚ್ಚು ತೆಗೆದಳು. ಕೇಂದ್ರಕ್ಕೆ ಹೋಗಿ ನೋಡಿದರೆ ಆ ಸಣ್ಣ ಸಣ್ಣ ಬಾಯಿಗಳೆಲ್ಲ ತೆರೆದಿದ್ದವು. ಬಿಸಿಲು ಬಲಿಯುವ ಮೊದಲೇ ಅವು ತಮ್ಮ ದಿನದ ಕೆಲಸ ಮುಗಿಸಿ ಮುಚ್ಚಿಕೊಳ್ಳುತ್ತಿದ್ದವು.

ಆ ವಾರವೇ ಬಿಸಿಗಾಳಿಯ ಮುನ್ಸೂಚನೆ ಬಂತು. ಹಿಂದೆಂದೂ ಕಾಣದಂಥದ್ದು, ಹಲವು ದಿನ ನಿಲ್ಲುವಂಥದ್ದು. ಇಂಥ ಬಿಸಿಗೆ ಕರೆಂಟ್ ಮೊದಲ ದಿನವೇ ಕೈಕೊಡುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಖಮರುದ್ದೀನ್ ಕಪಾಟಿನ ಬೀಗ ತೆಗೆದು ಒಂದು ಶೀಶೆ ಮೇಜಿನ ಮೇಲಿಟ್ಟರು. ಅವರು ಅದನ್ನು ತೆರೆಮದ್ದು ಎನ್ನುತ್ತಿದ್ದರು. ಮರಗಳಿಗೆ ಅಂಟುವ ಒಂದು ಶಿಲೀಂಧ್ರದ ವಿಷದಿಂದ ತೆಗೆದದ್ದು. ಎಲೆಗೆ ಸಿಂಪಡಿಸಿದರೆ ಎಲೆಬಾಯಿ ಪೂರಾ ತೆರೆದುಕೊಳ್ಳುತ್ತದೆ, ಆಮೇಲೆ ಮುಚ್ಚಲಾರದು.

"ಊರಿಗೆಲ್ಲ ಹೊಡದ್ರ ಮಳಿ ಬರೋದ್ರೊಳಗ ಒಂದು ಮರಾನೂ ಉಳಿಯೋದಿಲ್ರಿ ಸರ್" ಎಂದಳು ಮಹಾನಂದಾ. "ಮುಂದಿನ ವರ್ಷ ಏನು ಮಾಡೋದು?"

"ಮುಂದಿನ ವರ್ಷ ನೋಡ್ಲಿಕ್ಕೆ ಈ ವರ್ಷ ಮಂದಿ ಬದುಕಿರಬೇಕಲ್ಲ." ಅವರ ದನಿ ಏರಿರಲಿಲ್ಲ. "ನಮ್ಮ ಅಣ್ಣ ಬಸ್‌ಸ್ಟ್ಯಾಂಡಿನಾಗ ಕುಂತಲ್ಲೇ ಹೋದ. ನಿದ್ದಿ ಮಾಡ್ಯಾನ ಅಂತ ಮಂದಿ ಅವನ ಬಾಜೂಕೇ ಕುಂತಿದ್ರು. ಆ ದಿನ ಮತ್ತ ಬರಬಾರದು ಅಂತ ನಾ ಈ ದೀಪಾ ಮಾಡಿದ್ದು."

ಮಹಾನಂದಾ ನಿಧಾನವಾಗಿ, ತನಗೂ ಆಗಷ್ಟೇ ಹೊಳೆಯುತ್ತಿರುವಂತೆ ಹೇಳಿದಳು. "ಮರಾ ಮುಂಜಾನಿ ತೆರಿತಾವ. ನಾವೂ ಆವಾಗ ತೆರದ್ರ? ಕಿಟಕಿ ಬಾಗಿಲಾ ಎಲ್ಲಾ ಬೆಳಕು ಹರಿಯೋ ಹೊತ್ತಿಗಿ ತೆಗೆಯೋದು. ಆ ತಂಪು ಗ್ವಾಡಿಗೆ, ನೆಲಕ್ಕ ಕುಡಿಸೋದು. ಬಿಸಿಲು ಏರೂದ್ರೊಳಗ ಮುಚ್ಚಿಬಿಡೋದು. ಪರಸಿಕಲ್ಲು ತಂಪು ಹಿಡಕೊಂಡ್ರ ಸಂಜಿತನಕ ಬಿಡೋದಿಲ್ಲ."

"ಮತ್ತ ದವಾಖಾನಿ? ಅಲ್ಲಿ ಬಾಗಿಲಾ ಮುಚ್ಚಲಿಕ್ಕೆ ಬರ್ತದೇನು? ಬರೋರು ಹೋಗೋರು ಇದ್ದೇ ಇರ್ತಾರ."

ಮಹಾನಂದಾ ಶೀಶೆಯನ್ನು ಕೈಗೆತ್ತಿಕೊಂಡಳು. "ದವಾಖಾನಿ ಓಣಿಗೆ ಮದ್ದು ಹೊಡಿಯೋಣ. ಅದೊಂದಕ್ಕ."

ಖಮರುದ್ದೀನ್ ಅವಳನ್ನು ನೋಡಿದರು. "ನಿಮ್ಮ ಮನಿಯವರ ಖಾನಾವಳಿ ಅಲ್ಲೇ ಅದ ಅಲ್ಲ?"

"ಹೌದ್ರಿ."

ಮನೆಗೆ ಹೋಗಿ ಚನ್ನವೀರನಿಗೆ ಹೇಳಿದಾಗ ಅವನು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದ. ಕೈ ನಿಂತಿತು.

"ಆ ಮರಾ ನಾನ ನೆಟ್ಟದ್ದು" ಎಂದ. "ಖಮರುದ್ದೀನ್ ಸಾಹೇಬ್ರು ಸಸಿ ಹಂಚಿದಾಗ ನಾ ಸಾಲಿ ಹುಡುಗ. ತಗ್ಗು ತೋಡೂದ್ರಾಗ ಅಂಗೈಯೆಲ್ಲಾ ಬೊಬ್ಬಿ ಎದ್ದಿತ್ತು."

"ಗೊತ್ತದ್ರಿ."

"ಬ್ಯಾರೆ ದಾರಿ ಇಲ್ಲೇನು?"

"ನನಗ ಕಾಣವಲ್ದು."

ಒಳಕೋಣೆಯಿಂದ ಇಂದುಮತಿ ಹೊರಳಿ ನರಳುವ ಸದ್ದು ಬಂತು. ಚನ್ನವೀರ ಆ ಕಡೆ ನೋಡಿದ, ಜರಡಿ ಕೆಳಗಿಟ್ಟು ಕೈ ಝಾಡಿಸಿಕೊಂಡ. "ಹೊಡೀರಿ ಹಂಗಾದ್ರ" ಎಂದ. ಆ ರಾತ್ರಿ ಊಟ ಮಾಡಲಿಲ್ಲ.

ಓಣಿ ಓಣಿಗೆ ಹೋಗಿ ತಿಳಿಹೇಳುವುದು ಸುಲಭವಿರಲಿಲ್ಲ. ಮಧ್ಯಾಹ್ನ ಕಿಟಕಿ ತೆರೆದು ಕೂರುವುದೇ ಬದುಕು ಎಂದು ಬೆಳೆದ ಮಂದಿ. "ಹಗಲಿನಾಗ ಬಾಗಿಲಾ ಹಾಕ್ಕೊಂಡು ಕುಂತ್ರ ಮನ್ಯಾಗ ಯಾರರೆ ಸತ್ತಾರೇನು ಅಂತ ಕೇಳ್ತಾರವ್ವಾ" ಎಂದಳು ಗಾಣಿಗೇರ ಓಣಿಯ ಒಬ್ಬಾಕೆ. ಆದರೂ ಗಾಜಿನ ಕಿಟಕಿಗಳಿಗೆ ಕೌದಿ ಹೊದಿಸಿದರು, ಗೋಣಿತಾಟು ತೋಯಿಸಿ ಕಟ್ಟಿದರು. ಒಂದು ಮಾತು ಮಾತ್ರ ಕೇಂದ್ರದಲ್ಲಿ ತೀರ್ಮಾನವಾಗಲಿಲ್ಲ. ಉಳಿದ ಓಣಿಗಳ ದೀಪ ಆರಿಸೋಣ ಎಂದಳು ಮಹಾನಂದಾ. ಖಮರುದ್ದೀನ್ ಒಪ್ಪಲಿಲ್ಲ. ದೀಪ ಆರಿದರೆ ಊರು ಎದೆಗೆಡುತ್ತದೆ, ಸುಮ್ಮನೆ ಉರಿಯಲಿ ಎಂದರು.

ಬಿಸಿಗಾಳಿ ಬಂತು. ಆಕಾಶ ಬಿಳಿ ತಗಡಿನಂತಾಯಿತು. ಬೆಳಗಿನ ಹೊತ್ತು ಊರಿನ ಕದಗಳೆಲ್ಲ ಒಟ್ಟಿಗೆ ತೆರೆಯುತ್ತಿದ್ದವು. ಮಂದಿ ಮಾತಿಲ್ಲದೆ ಹೊಸ್ತಿಲ ಮೇಲೆ ಕೂತು ಮರದಿಂದ ಇಳಿಯುವುದನ್ನು ಮೈಮೇಲೆ ಬರಮಾಡಿಕೊಳ್ಳುತ್ತಿದ್ದರು. ಆಮೇಲೆ ಒಂದೊಂದೇ ಕದ ಮುಚ್ಚಿ ಓಣಿಗಳು ನಿರ್ಜನವಾಗುತ್ತಿದ್ದವು. ಒಳಗೆ ಕತ್ತಲು, ಕಲ್ಲಿನ ವಾಸನೆ, ನೆಲದ ಮೇಲೆ ಸಾಲಾಗಿ ಮಲಗಿದವರ ಉಸಿರು. ಬೆವರು ಹರಿಯುತ್ತಿತ್ತು, ಮಕ್ಕಳು ಕಿರಿಕಿರಿ ಮಾಡುತ್ತಿದ್ದವು. ಆದರೂ ತಾಳಿಕೊಳ್ಳುವಷ್ಟಿತ್ತು.

ದವಾಖಾನಿ ಓಣಿಯದು ಬೇರೆಯೇ ಲೋಕ. ಮದ್ದು ಹೊಡೆದ ಮರಗಳು ಹಗಲೂ ರಾತ್ರಿಯೂ ಬಾಯಿ ತೆರೆದು ನಿಂತಿದ್ದವು. ಟ್ಯಾಂಕರಿನಿಂದ ಬುಡಕ್ಕೆ ಹಾಕಿದ ನೀರೆಲ್ಲ ಗಾಳಿಗೇರಿ ಓಣಿಯ ಮೇಲೆ ತೇಲುತ್ತಿತ್ತು. ಅಲ್ಲಿ ಕಾಲಿಟ್ಟವರ ತೋಳಿನ ರೋಮ ನಿಲ್ಲುತ್ತಿತ್ತು. ಕರೆಂಟ್ ಹೋಗಿದ್ದ ದವಾಖಾನೆಯ ಕಿಟಕಿಗಳಿಂದ ಆ ತಂಪು ಒಳಗೆ ಹೋಗಿ ಹಾಸಿಗೆಗಳ ಮೇಲೆ ಹರಡುತ್ತಿತ್ತು. ಇಂದುಮತಿಗೆ ನೋವು ಶುರುವಾದದ್ದು ಬಿಸಿ ಅತಿ ಹೆಚ್ಚಾದ ದಿನ. ಹೆರಿಗೆ ಕೋಣೆಯ ಹೊರಗೆ ಮಹಾನಂದಾ ಆ ದೊಡ್ಡ ಹೊಂಗೆಗೆ ಬೆನ್ನು ಕೊಟ್ಟು ನಿಂತಿದ್ದಳು. ಬೆನ್ನ ಹಿಂದೆ ಬೇರಿನಿಂದ ತುದಿಯವರೆಗೂ ನೀರು ಏರಿ ಏರಿ ಹೊರಬೀಳುತ್ತಿದೆ, ಮರ ತನ್ನನ್ನೇ ಸುರಿದುಕೊಳ್ಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ತೊಗಟೆಗೆ ಅಂಗೈ ಒತ್ತಿ ಹಿಡಿದಳು. ಒಳಗಿಂದ ಕೂಸಿನ ಅಳು ಕೇಳಿಸಿತು. ಚನ್ನವೀರ ಹೊರಗೆ ಬಂದು "ಹೆಣ್ಣು" ಎಂದ. ಆಮೇಲೆ ಮರದ ಕಡೆ ನೋಡಿದ.

ಅದೇ ಸಂಜೆ ಸುದ್ದಿ ಬಂತು. ಬಾಳಪ್ಪಜ್ಜ ಗಾಣಿಗೇರ ಓಣಿಯ ಕಟ್ಟೆಯ ಮೇಲೆ ತೀರಿಹೋಗಿದ್ದ. ಮದ್ದು ಹೊಡೆದಾಗಿನಿಂದ ಖಾನಾವಳಿ ಮುಚ್ಚಿದ್ದಕ್ಕೆ ಮನೆ ಹತ್ತಿರದ ಮರದ ಕೆಳಗೆ ಹೋಗಿ ಕೂತಿದ್ದನಂತೆ. ಒಳಗೆ ಬಾ ಎಂದು ಸೊಸೆ ಕರೆದಳಂತೆ. "ದೀಪಾ ಹತ್ಯಾವಲ್ಲ, ಈಗ ತಂಪು ಆಗ್ತದ ತಡಿ" ಎಂದನಂತೆ.

ಸುದ್ದಿ ಕೇಳಿದಾಗ ಖಮರುದ್ದೀನ್ ನಕ್ಷೆಯ ಮುಂದೆ ಕುರ್ಚಿಯಲ್ಲಿದ್ದರು. ಅವರು ಎದ್ದು ಒಂದೊಂದೇ ಓಣಿಯ ಗುಂಡಿ ಒತ್ತಿ ದೀಪ ಆರಿಸಿದರು. ಕೊನೆಯದನ್ನು ಆರಿಸಿ ಕೈ ಅಲ್ಲೇ ಇಟ್ಟುಕೊಂಡು ನಿಂತರು. ಕಿಟಕಿಯಾಚೆ ಊರು ತನ್ನ ಬಣ್ಣಕ್ಕೆ ಮರಳಿತು. ಮರಗಳು ಬರೀ ಹಸಿರಾಗಿದ್ದವು, ಧೂಳು ಹಿಡಿದ ಹಸಿರು.

"ಅಜ್ಜನ ಮಣ್ಣಿಗೆ ನಾನೂ ಬರ್ತೀನಿ" ಎಂದರು.

ಬಿಸಿಗಾಳಿ ಇಳಿದ ಮೇಲೆ ದವಾಖಾನಿ ಓಣಿಯ ಎಲೆಗಳು ಕಂದುಬಣ್ಣಕ್ಕೆ ತಿರುಗಿ, ಸುರುಳಿ ಸುತ್ತಿ, ಉದುರದೆ ಕೊಂಬೆಯಲ್ಲೇ ನಿಂತವು. ಗಾಳಿ ಬಂದರೆ ಕಾಗದದಂತೆ ಸದ್ದು ಮಾಡುತ್ತಿದ್ದವು. ಚನ್ನವೀರ ತಾನೇ ನಿಂತು ಆ ಮರ ಕಡಿಸಿದ, ಬುಡದ ಒಂದು ತುಂಡನ್ನು ಕೊಣಮಿಗೆ ಎಂಬ ಹಿಟ್ಟು ನಾದುವ ಮರದ ಬೋಗುಣಿಗೆಂದು ಬಡಿಗನಿಗೆ ಕೊಟ್ಟ. ಖಾನಾವಳಿ ಗಾಣಿಗೇರ ಓಣಿಗೆ ಹೋಯಿತು. ಮಧ್ಯಾಹ್ನದ ಊಟ ನಿಂತು ಮುಂಜಾನೆ ಚುರುಮುರಿ ಸುಸಲಾ, ಬಿಸಿ ಚಹಾ ಶುರುವಾಯಿತು. ಸಾಲೆಯೂ ಸಂತೆಯೂ ಅದೇ ಹೊತ್ತಿಗೆ ಸರಿದವು. ನೀರಿನ ಕನಸು ಬೀಳುವುದು ನಿಂತಿತೆಂದು ಕೆಲವರು ಬೇಸರಪಟ್ಟರು. ಬೆಳಗಿನ ಜಾವದ ಅರೆನಿದ್ದೆಯಲ್ಲಿ ಈಗಲೂ ಬೀಳುತ್ತದೆ ಎಂದು ಇನ್ನು ಕೆಲವರು.

ಮಳೆ ಹಿಡಿದ ಮೇಲೆ ಇಂದುಮತಿ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಳು. ಉಡಿ ತುಂಬಿದ ಮೇಲೆ ಹೇಳಿದಳು, "ವೈನಿ, ನನಗ ಒಂದು ಸಸಿ ಕೊಡ್ರಿ. ಗಾಣಿಗೇರ ಓಣಿ ಮರದ್ದು."

ಮಹಾನಂದಾ ತಡೆದಳು. "ಅದು ಈ ನೆಲಾ ನೋಡಿ ಬಾಯಿ ಮುಚ್ಚಲಿಕ್ಕೆ ಕಲ್ತ ಮರದ್ದು ಇಂದೂ. ನಿಮ್ಮ ಹೊಳಿ ದಂಡ್ಯಾಗ ಅದು ಏನು ಮಾಡ್ತದೋ ನನಗ ಗೊತ್ತಿಲ್ಲ."

"ಈ ಕೂಸೂ ಇಲ್ಲೇ ಹುಟ್ಯದ. ಅಲ್ಲಿ ಏನು ಮಾಡ್ತದೋ ನನಗೂ ಗೊತ್ತಿಲ್ಲ" ಎಂದು ಇಂದುಮತಿ ನಕ್ಕಳು.

ಮಹಾನಂದಾ ಒಂದು ಸಸಿಯನ್ನು ಮಣ್ಣಿನ ಸಮೇತ ಕಿತ್ತು ಕುಡಿಕೆಯಲ್ಲಿಟ್ಟು ಕೊಟ್ಟಳು.

ಮರುವರ್ಷ ಬೇಸಿಗೆಯ ಆರಂಭದಲ್ಲಿ ಇಂದುಮತಿ ಫೋನು ಮಾಡಿದಳು. ಗಿಡ ಎದೆಮಟ್ಟ ಬಂದಿದೆ, ಕೂಸು ಅದನ್ನು ಹಿಡಿದು ನಿಲ್ಲುತ್ತದೆ, ಮಧ್ಯಾಹ್ನವೂ ಅದರ ಎಲೆ ಮುಟ್ಟಿದರೆ ತಣ್ಣಗಿರುತ್ತದೆ ಎಂದಳು. ಹೇಳಿದ್ದನ್ನು ಮಹಾನಂದಾ ಎರಡು ಸಲ ಕೇಳಿಸಿಕೊಂಡಳು. ಮಧ್ಯಾಹ್ನ ಎಲೆಗೆ ಉಗುರುಬಣ್ಣ ಹಚ್ಚಿ, ಪೊರೆ ಬಿಡಿಸಿ ಕಳಿಸು ಎಂದು ಕೇಳಿಕೊಂಡಳು.

ಅಚ್ಚು ಕೊರಿಯರಿನಲ್ಲಿ ಬಂದಾಗ ಕೇಂದ್ರದಲ್ಲಿ ಖಮರುದ್ದೀನ್ ಕೂಡ ಇದ್ದರು. ನಿವೃತ್ತಿಯಾಗಿದ್ದರೂ ಅವರು ಆಗಾಗ ಬಂದು ಹೋಗುತ್ತಿದ್ದರು. ಮೊದಲು ಮಹಾನಂದಾ ನೋಡಿದಳು. ಎಲೆಯ ಉದ್ದಗಲಕ್ಕೂ ಒತ್ತೊತ್ತಾಗಿ, ಗುಂಡಿಯಿಲ್ಲ, ರೋಮವಿಲ್ಲ, ದೊಡ್ಡ ದೊಡ್ಡ ಬಾಯಿಗಳು. ನಡುಹಗಲಿನ ಬಿಸಿಲಿಗೆ ಅಷ್ಟೂ ಬಾಯಿಗಳು ಅಂಜಿಕೆಯಿಲ್ಲದೆ ತೆರೆದುಕೊಂಡಿದ್ದವು. ಯಾವ ದೀಪವೂ ಅಲ್ಲಿರಲಿಲ್ಲ.

ಅವಳು ಸರಿದು ಖಮರುದ್ದೀನ್‌ಗೆ ಜಾಗ ಬಿಟ್ಟಳು. ಅವರು ಕನ್ನಡಕ ಹಣೆಗೇರಿಸಿ ಬಾಗಿದರು.

"ಇದಕ್ಕ ತೆರಿ ಅಂತ ಯಾರು ಹೇಳಿದ್ರು?" ಎಂದು ಕೇಳಿದರು, ಕಣ್ಣು ತೆಗೆಯದೆ.

"ಹೊಳಿ, ಸರ್."

ಅವರು ತಲೆಯಾಡಿಸಿದರು, ಆದರೆ ಏಳಲಿಲ್ಲ. ಹೊರಗೆ ಬಿಸಿಲು ಏರಿತ್ತು. ಓಣಿಯ ಕದಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಸದ್ದು ಕೇಳುತ್ತಿತ್ತು. ಮಹಾನಂದಾ ಎದ್ದು ಕೋಣೆಯ ಕಿಟಕಿಗಳನ್ನು ಮುಚ್ಚುತ್ತ ಬಂದಳು. ಅವರು ನೋಡುವುದಕ್ಕೆ ಬೆಳಕು ಬೇಕೆಂದು ಸೂಕ್ಷ್ಮದರ್ಶಕದ ಪಕ್ಕದ ಒಂದನ್ನು ಮಾತ್ರ ಓರೆ ಮಾಡಿ ಬಿಟ್ಟಳು.